ಬೊಂಬಾಯಿಯ ಲೆಕ್ಕ

ಸಮಾಜ ವಿಜ್ಞಾನ ಕಲಿಸುವ ನಮ್ಮಂಥವರಿಗೆ ಒಂದು ಪ್ರಶ್ನೆ ಚೆನ್ನಾಗಿ ಗೊತ್ತು: ‘ವಲಸೆಯ ಲಾಭ ಮತ್ತು ನಷ್ಟಗಳನ್ನು ಬರೆಯಿರಿ.’ ನಾಲ್ಕು ಅಂಕ. ಬೋರ್ಡಿನ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯುವುದು, ಎಡಕ್ಕೆ ಲಾಭ, ಬಲಕ್ಕೆ ನಷ್ಟ ಎಂದು ಬರೆಯುವುದು, ಎರಡೂ ಕಡೆ ಎರಡೆರಡು ಅಂಶ ತುಂಬಿಸಿ ಮಕ್ಕಳ ಬಾಯಿಗೆ ಬರುವಂತೆ ಮಾಡುವುದು. ಇಪ್ಪತ್ತೈದು ವರ್ಷಗಳಿಂದ ಇದೇ ನನ್ನ ಪದ್ಧತಿ. ಪಾಠ ಮುಗಿಯಲು ಹದಿನೈದು ನಿಮಿಷ ಸಾಕು.

ಹೋದ ವರ್ಷ ಜುಲೈ ತಿಂಗಳಲ್ಲಿ, ಹಂಚಿನ ಮೇಲೆ ಮಳೆ ಹೊಡೆಯುತ್ತ ಒಬ್ಬರ ಮಾತು ಒಬ್ಬರಿಗೆ ಕೇಳಿಸದಂಥ ಒಂದು ಮಧ್ಯಾಹ್ನ, ಹಾಗೇ ಗೆರೆ ಎಳೆದು ಬರೆಸುತ್ತಿದ್ದೆ. ಎಂಟನೆಯ ತರಗತಿ. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. ಬಾಗಲಕೋಟೆ ಕಡೆಯವಳು, ಅಪ್ಪ ನಮ್ಮೂರಿನ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುತ್ತಾನೆ, ಅಮ್ಮ ಕಾಂಕ್ರೀಟ್ ಕೆಲಸಕ್ಕೆ ಹೋಗುತ್ತಾಳೆ. “ಟೀಚರ್, ಇಲ್ಲಿಗೆ ಬಂದಮ್ಯಾಲ ನಾ ಸಾಲಿಗೆ ಹೊಂಟೆ, ನಮ್ಮಕ್ಕ ಸಾಲಿ ಬಿಟ್ಟಳ್ರಿ. ಅದನ್ನ ಯಾವ ಕಡೆ ಬರೀಲ್ರೀ?” ಎಂದು ಕೇಳಿದಳು.

ಕೆಲವು ಮಕ್ಕಳು ನಕ್ಕರು. “ಕೂತುಕೋ, ಆಮೇಲೆ ಹೇಳುತ್ತೇನೆ” ಎಂದೆ. ಉತ್ತರ ಗೊತ್ತಿಲ್ಲದಾಗ ಟೀಚರುಗಳು ಹೇಳುವ ಮಾತಿದು, ನಿಮ್ಮಲ್ಲಿ ಟೀಚರಾಗಿರುವವರು ಒಪ್ಪಿಕೊಳ್ಳುತ್ತೀರಿ. ಆದರೆ ನಾನು ಸುಮ್ಮನಾದದ್ದು ಉತ್ತರ ಗೊತ್ತಿಲ್ಲದೆ ಮಾತ್ರವಲ್ಲ. ಆ ಹುಡುಗಿ ಹೇಳಿದ್ದು ನಮ್ಮ ಮನೆಯ ಕಥೆ. ನಮ್ಮ ಮನೆಯಲ್ಲಿ ಅದಕ್ಕೆ ಬೊಂಬಾಯಿಯ ಕಥೆ ಎಂದು ಹೆಸರು. 1995ರಲ್ಲಿ ಆ ಊರಿಗೆ ಅಧಿಕೃತವಾಗಿ ಮುಂಬೈ ಎಂದಾಯಿತು. ನನ್ನ ಅಮ್ಮನ ಬಾಯಲ್ಲಿ ಕಡೆಯವರೆಗೂ ಅದು ಬೊಂಬಾಯಿಯೇ.

ನಮ್ಮ ಕಡಲ ಕರೆಯ ಜನ ಬೊಂಬಾಯಿಗೇ ಯಾಕೆ ಹೋದರು ಎಂದು ತಿಳಿಯಲು ಭೂಪಟ ನೋಡಬೇಕು. ಹಿಂದೆ ಘಟ್ಟ, ಮುಂದೆ ಕಡಲು. ಟಿಪ್ಪು ಸುಲ್ತಾನ 1799ರಲ್ಲಿ ಮಡಿದ ಮೇಲೆ ಕನ್ನಡ ಜಿಲ್ಲೆ ಕಂಪನಿಯ ಕೈಗೆ ಹೋಯಿತು. ಮುಂದೆ ಅದು ಎರಡು ಹೋಳಾಗಿ, 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕನ್ನಡದವರಾದ ನಾವು 1956ರವರೆಗೂ ಮದರಾಸಿನ ಪಾಲಾಗಿಯೇ ಉಳಿದೆವು. ರಾಜಧಾನಿ ದೇಶದ ಇನ್ನೊಂದು ಕರೆಯಲ್ಲಿ. ಮಂಗಳೂರಿಗೆ 1907ರಲ್ಲಿ ರೈಲು ಬಂತು ನಿಜ, ಅದೂ ಮದರಾಸಿನ ಕಡೆಯಿಂದಲೇ. ಬೊಂಬಾಯಿಗಾದರೆ ಕಡಲಿನ ದಾರಿಯಿತ್ತು. ಆಗಬೋಟು ಎಂದು ಹಿರಿಯರು ಕರೆಯುತ್ತಿದ್ದ ಉಗಿಹಡಗು ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಓಡಾಡುತ್ತಿತ್ತು. ಮೊದಲು ಹೋದವರಲ್ಲಿ ಕಡಲನ್ನೇ ನಂಬಿದ ಮೊಗವೀರರಿದ್ದರು. ಅವರ ಮೊಗವೀರ ವ್ಯವಸ್ಥಾಪಕ ಮಂಡಳಿ ಬೊಂಬಾಯಿಯಲ್ಲಿ ಸ್ಥಾಪನೆಯಾದದ್ದು 1902ರಲ್ಲಿ. ಅಂದರೆ ಒಂದು ಸಂಘ ಕಟ್ಟುವಷ್ಟು ಜನ ಅಷ್ಟು ಹೊತ್ತಿಗಾಗಲೇ ಅಲ್ಲಿ ಇದ್ದರು.

ದಾರಿ ಇದ್ದ ಮಾತ್ರಕ್ಕೆ ಯಾರೂ ಮನೆ ಬಿಡುವುದಿಲ್ಲ. ನೂಕಿದ್ದು ಗೇಣಿ. ಮೂಲಗೇಣಿಯವರಿಗಾದರೆ ಒಂದು ಭದ್ರತೆಯಿತ್ತು. ಚಾಲಗೇಣಿಯವರನ್ನು ಧಣಿಗಳು ಬೇಕಾದಾಗ ಎಬ್ಬಿಸಬಹುದಿತ್ತು. ಬೆಳೆದದ್ದರಲ್ಲಿ ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕಿದ ಮೇಲೆ ಉಳಿದದ್ದು ಆಟಿ ತಿಂಗಳು ಮುಟ್ಟುತ್ತಿರಲಿಲ್ಲ. ಆಟಿಯಲ್ಲಿ ನಮ್ಮ ಅಜ್ಜಿ ಕೆಸುವಿನ ಎಲೆ, ತಜಂಕು, ಹಲಸಿನ ಬೀಜ ಬೇಯಿಸಿ ಹೊಟ್ಟೆ ತುಂಬಿಸುತ್ತಿದ್ದರಂತೆ. ಈಗ ಅದನ್ನೇ ‘ಆಟಿಡೊಂಜಿ ದಿನ’ ಎಂದು ಸಭಾಭವನದಲ್ಲಿ ಬಾಳೆ ಎಲೆ ಹಾಕಿ ಬಡಿಸುತ್ತಾರೆ. ನಾನೂ ಹೋಗಿ ಉಂಡು ಬಂದಿದ್ದೇನೆ. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದರೋ.

ಅಪ್ಪ ಹೋದದ್ದು 1952ರಲ್ಲಿ. ಹನ್ನೆರಡು ವರ್ಷ. ಊರಿನವರೊಬ್ಬರ ಹಿಂದೆ ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ, ಅಲ್ಲಿಂದ ರೈಲು. ಕೋಟೆ ಪ್ರದೇಶದ, ಅಂದರೆ ಫೋರ್ಟಿನ, ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸ. ಆ ಲೋಕದಲ್ಲೂ ಮೆಟ್ಟಿಲುಗಳಿದ್ದವು. ತಟ್ಟೆ ತೊಳೆಯುವವನು ಮೇಜು ಒರೆಸುವವನಾಗಬೇಕು, ಮೇಜು ಒರೆಸುವವನು ಮಾಣಿಯಾಗಬೇಕು, ಮಾಣಿಯಾದವನು ದೇವರು ಕಣ್ಣು ಬಿಟ್ಟರೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕು. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೇ ನಿದ್ದೆ. ಹೆಂಡತಿಯನ್ನು ಕರೆದುಕೊಂಡು ಹೋಗಿ ಇಟ್ಟುಕೊಳ್ಳಲು ಚಾಳಿನಲ್ಲಿ ಒಂದು ಕೋಣೆ ಹಿಡಿಯುವುದು ಎಲ್ಲರಿಗೂ ಆಗುವ ಮಾತಾಗಿರಲಿಲ್ಲ.

ಇಷ್ಟರ ನಡುವೆ ರಾತ್ರಿಶಾಲೆಗಳಿದ್ದವು. ಹಗಲು ಕಛೇರಿಯಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯವರೇ ಸಂಜೆ ಮಾಸ್ತರರಾಗಿ ಹೋಟೆಲಿನ ಹುಡುಗರಿಗೆ ಕನ್ನಡದಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿ ಕಲಿತು ಬ್ಯಾಂಕಿಗೆ ಸೇರಿದವರು, ವಕೀಲರಾದವರು ಇದ್ದಾರೆ. ನನ್ನ ಅಪ್ಪ ಏಳನೆಯ ತರಗತಿಯವರೆಗೆ ಹೋಗಿ ಬಿಟ್ಟರು. “ಪುಸ್ತಕ ತೆರೆದರೆ ನಿದ್ದೆ ಬರುತ್ತಿತ್ತು” ಎಂದು ನಗುತ್ತಿದ್ದರು. ಬೆಳಗ್ಗೆ ನಾಲ್ಕಕ್ಕೆ ಏಳುವ ಹುಡುಗನಿಗೆ ನಿದ್ದೆ ಬರದೆ ಇನ್ನೇನು? ದೇಶದಲ್ಲಿ ನಾನು ಅತ್ಯಂತ ಗೌರವ ಕೊಡುವ ಶಾಲೆ ಯಾವುದು ಎಂದರೆ ಈ ರಾತ್ರಿಶಾಲೆಗಳು.

ಉಡುಪಿ ಹೋಟೆಲಿನ ಚರಿತ್ರೆ ಬರೆಯುವವರು ಮಾಟುಂಗದಲ್ಲಿ 1942ರಲ್ಲಿ ಊಟದ ಮನೆ ತೆರೆದ ಎ. ರಾಮನಾಯಕರ ಹೆಸರು ಬರೆಯುತ್ತಾರೆ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆಯ ಕೃಷ್ಣರಾಯರ ಹೆಸರು ಬರೆಯುತ್ತಾರೆ. ಬರೆಯಬೇಕಾದವರೇ. ತಟ್ಟೆ ತೊಳೆದವರ ಹೆಸರು ಮಾತ್ರ ಮನಿಯಾರ್ಡರ್ ಫಾರಂನಲ್ಲಿ ಬಿಟ್ಟು ಬೇರೆಲ್ಲೂ ಬರಲಿಲ್ಲ.

ಮನಿಯಾರ್ಡರ್ ಕಂಡವರಿಗೆ ನೆನಪಿರಬಹುದು. ಫಾರಂನ ಕೆಳಗೆ ಹರಿದು ಕೊಡುವ ಒಂದು ತುಂಡು ಇರುತ್ತಿತ್ತು, ಅದರಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗ. ನಮ್ಮ ಮನೆಯಲ್ಲಿ ಆ ತುಂಡುಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿದ್ದವು. ‘ನಾನು ಕ್ಷೇಮ. ಅರುವತ್ತು ರೂಪಾಯಿ ಕಳಿಸಿದ್ದೇನೆ. ಮಕ್ಕಳನ್ನು ಮಳೆಗೆ ಬಿಡಬೇಡ.’ ವರ್ಷಗಟ್ಟಲೆ ಇಷ್ಟೇ. ರೂಪಾಯಿ ಮಾತ್ರ ಬದಲು. ಒಂದು ತುಂಡಿನಲ್ಲಿ ‘ಇಲ್ಲಿ ತುಂಬಾ ಸೆಕೆ’ ಎಂದು ಹೆಚ್ಚಿಗೆ ಬರೆದಿದ್ದಾರೆ. ಅದನ್ನು ಅಮ್ಮ ಎಷ್ಟು ಸಲ ಓದಿಸಿಕೊಂಡಳೋ ಲೆಕ್ಕವಿಲ್ಲ. ಅವಳಿಗೆ ಬರುತ್ತಿದ್ದದ್ದು ತನ್ನ ಹೆಸರಿನ ರುಜು ಮಾತ್ರ. ಅದನ್ನೂ ಕಲಿತದ್ದು ಮನಿಯಾರ್ಡರಿನ ದೆಸೆಯಿಂದ.

ಆ ಅರುವತ್ತು ರೂಪಾಯಿ ಎಲ್ಲಿಗೆ ಹೋಗುತ್ತಿತ್ತು? ಅರ್ಧ ದಿನಸಿ ಅಂಗಡಿಯ ಸಾಲಕ್ಕೆ. ಉಳಿದದ್ದರಲ್ಲಿ ಪಿಗ್ಮಿಗೆ ದಿನಕ್ಕೆ ಇಪ್ಪತ್ತೈದು ಪೈಸೆ. ಪಿಗ್ಮಿ ಎಂದರೆ ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಈ ಯೋಜನೆ ತಂದಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಚಿಲ್ಲರೆ ಕಾಸು ಕಟ್ಟಿಸಿಕೊಳ್ಳುತ್ತಿದ್ದರು. ಗಂಡಸರು ಊರಲ್ಲಿಲ್ಲದ ಮನೆಗಳ ಹೆಂಗಸರು ಬ್ಯಾಂಕು ಎಂಬುದನ್ನು ಕಂಡದ್ದು ಹೀಗೆ ಜಗಲಿಯ ಮೇಲೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದಾಗ ನನ್ನ ಅಕ್ಕ ಹಳೆಯ ಪಾಸುಪುಸ್ತಕವನ್ನು ಹಿಂದಿರುಗಿಸಲೇ ಇಲ್ಲ.

ಬೊಂಬಾಯಿಯ ಹಣ ಊರಿಗೆ ಮಾಡಿದ್ದನ್ನು ಸಣ್ಣದು ಎನ್ನಲಾರೆ. ನಮ್ಮ ಕಡೆಯ ಯಾವ ದೈವಸ್ಥಾನಕ್ಕೆ, ಭಜನಾ ಮಂದಿರಕ್ಕೆ ಹೋದರೂ ‘ಮುಂಬಯಿ ಸಮಿತಿ’ ಎಂಬ ಕಲ್ಲು ಇರುತ್ತದೆ. ನಾನು ಪಾಠ ಮಾಡಿದ ಒಂದು ಶಾಲೆಯಲ್ಲಿ ಪ್ರತಿ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಗಳ ಹೆಸರಿತ್ತು. ತಿರುಗುವಾಗ ಓದಲಾಗದು, ಕರೆಂಟು ಹೋದಾಗ ಮಕ್ಕಳು ಓದುತ್ತಿದ್ದರು.

ಇನ್ನೊಂದು ಕಡೆಯ ಮಾತು. ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರಿದ್ದಾರೆ ಎಂದು 2011ರ ಜನಗಣತಿ ಹೇಳಿತು. ಇಡೀ ರಾಜ್ಯದಲ್ಲಿ 973. ಇದನ್ನು ಭಾಷಣಗಳಲ್ಲಿ ಹೆಣ್ಣಿಗೆ ನಾವು ಕೊಡುವ ಗೌರವಕ್ಕೆ ಸಾಕ್ಷಿ ಎಂದು ಹೇಳುವುದನ್ನು ಬೇಕಾದಷ್ಟು ಕೇಳಿದ್ದೇನೆ. ಸ್ವಲ್ಪ ಹಾಗೂ ಇರಬಹುದು. ಅಳಿಯಕಟ್ಟಿನ ನಾಡು ನಮ್ಮದು. ಆದರೆ ಅಂಕಿಯ ಒಳಗೆ ಇನ್ನೊಂದು ಸಂಗತಿಯಿದೆ. ಗಣತಿಯವರು ಮನೆಗೆ ಬಂದಾಗ ಗಂಡಸರು ಊರಲ್ಲಿರಲಿಲ್ಲ. ನಾನೇ ಗಣತಿಯ ಕೆಲಸ ಮಾಡಿದ್ದೇನೆ. ಒಂದೊಂದು ಮನೆಯಲ್ಲಿ ಅತ್ತೆ, ಸೊಸೆ, ಎರಡು ಮಕ್ಕಳು, ಒಂದು ನಾಯಿ.

ಅಪ್ಪ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು, ನಲವತ್ತು ದಿನಕ್ಕೆ. ಅವರು ಬರುವ ಮೊದಲು ಮನೆಗೆ ಸುಣ್ಣ ಬಳಿಯುತ್ತಿದ್ದೆವು, ನೆಂಟರಿಗೆ ಬಳಿದ ಹಾಗೆ. ಹಲ್ವ, ಪೌಡರ್ ಡಬ್ಬ, ನಮಗೆ ಅಳತೆ ತಪ್ಪಿದ ಫ್ರಾಕು. ಹೋದಸಲದ ಅಳತೆ ನೆನಪಿಟ್ಟು ತರುತ್ತಿದ್ದರು, ಪಾಪ; ನಾವು ಅಷ್ಟರಲ್ಲಿ ಬೆಳೆದಿರುತ್ತಿದ್ದೆವು. ಅಮ್ಮ ಒಮ್ಮೆ ಬೆರಳು ಮಡಿಸಿ ಎಣಿಸಿದ್ದಳು: 1962ರಲ್ಲಿ ಮದುವೆಯಾಗಿ 1996ರಲ್ಲಿ ಅವರು ಖಾಯಂ ಆಗಿ ಊರಿಗೆ ಬರುವವರೆಗಿನ ಮೂವತ್ತನಾಲ್ಕು ವರ್ಷಗಳಲ್ಲಿ ಅವರು ಮನೆಯಲ್ಲಿದ್ದ ದಿನಗಳನ್ನು ಕೂಡಿಸಿದರೆ ಎರಡು ವರ್ಷ ಆಗುವುದಿಲ್ಲ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು. ಗೇಣಿದಾರರು 7ನೆಯ ನಂಬ್ರದ ಫಾರಂ ತುಂಬಿಸಿ ಕೊಡಬೇಕು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎಂದೇ ಹೆಸರು. ನಮಗಿದ್ದದ್ದು ಒಂದು ಎಕರೆ ಚಾಲಗೇಣಿ. ಅಮ್ಮ ಡಿಕ್ಲರೇಶನ್ ಕೊಟ್ಟಳು. ‘ಮನೆಯ ಗಂಡಸು ಬೊಂಬಾಯಿಯಲ್ಲಿ, ಗದ್ದೆ ಮಾಡುವವರು ಯಾರು?’ ಎಂದು ಎದುರು ಕಡೆಯವರು ತಕರಾರು ಎತ್ತಿದರು. ಅಮ್ಮ ತಾಲೂಕು ಕಛೇರಿಗೆ ಅಲೆದದ್ದು ಎಷ್ಟು ಸಲವೋ. ಗೇಣಿಗೆ ರಶೀದಿ ಕೊಡುವ ಪದ್ಧತಿ ಆಗ ಎಲ್ಲಿತ್ತು? ನೇಜಿ ನೆಡಲು ಜೊತೆಗೆ ಬರುತ್ತಿದ್ದ ನೆರೆಮನೆಯ ಹೆಂಗಸರೇ ಸಾಕ್ಷಿ ಹೇಳಿದರು. ಆ ದಿನ ಕಛೇರಿಯಲ್ಲಿ ಅಮ್ಮ ತಲೆ ಎತ್ತಿ ಮಾತಾಡಿದ್ದನ್ನು ಊರವರು ಬಹಳ ಕಾಲ ಹೇಳಿಕೊಂಡರು. ಅಪ್ಪ ಊರಲ್ಲೇ ಇದ್ದಿದ್ದರೆ ಅವಳು ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೊನೆಗೆ ಗದ್ದೆ ನಮ್ಮದಾಯಿತು.

ಆ ಓಡಾಟದ ವರ್ಷಗಳಲ್ಲಿ ಮನೆ ನೋಡಿಕೊಂಡದ್ದು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಹಟ್ಟಿಯಲ್ಲಿ ದನ, ಮಲಗಿದಲ್ಲೇ ಇದ್ದ ಅಜ್ಜಿ, ನಾನು. ಏಳನೆಯ ತರಗತಿ ಪಾಸಾದವಳು ಎಂಟಕ್ಕೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ ಅವಳನ್ನು. ಜೂನ್ ತಿಂಗಳು ಬಂತು, ನೇಜಿಯ ಕಾಲ, ಅವಳು ಹೋಗಲಿಲ್ಲ, ಅಷ್ಟೆ. ಲೆಕ್ಕದಲ್ಲಿ ನನಗಿಂತ ಚುರುಕು. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕುಳಿತಳು. ಬ್ರಾಂಚಿನವರು ಲೆಕ್ಕದಲ್ಲಿ ಒಂದು ಕಟ್ಟು ತಪ್ಪಿಸಿದರೂ ಹಿಡಿಯುತ್ತಿದ್ದಳು.

1982ರ ಜನವರಿ 18ರಂದು ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ದತ್ತಾ ಸಾಮಂತರ ನೇತೃತ್ವದ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರು. ಅಪ್ಪ ಆಗ ಪರೇಲಿನ ಒಂದು ಹೋಟೆಲಿನ ಗಲ್ಲಾದಲ್ಲಿದ್ದರು. ಚಹಾ ಕುಡಿಯುವವರೆಲ್ಲ ಗಿರಣಿಯವರೇ. ಗಿರಣಿ ನಿಂತಿತು, ಚಹಾ ನಿಂತಿತು, ಮನಿಯಾರ್ಡರ್ ನಿಂತಿತು. ನಾನಾಗ ಹೈಸ್ಕೂಲಿನಲ್ಲಿ. ನನ್ನ ಫೀಸು, ಪುಸ್ತಕ ಎಲ್ಲ ಅಕ್ಕನ ಬೀಡಿಯ ಮಜೂರಿಯಿಂದ ಹೋಯಿತು. ಅವಳ ಮದುವೆಗೆಂದು ಕೂಡಿಟ್ಟದ್ದೂ ಹೋಯಿತು. ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ. ಅಕ್ಕನ ಮದುವೆ ಇಪ್ಪತ್ತೇಳಕ್ಕೆ ಆಯಿತು. ಬೋರ್ಡಿನ ಮೇಲೆ ನಾನು ಎಳೆಯುವ ಗೆರೆ ನಮ್ಮ ಮನೆಯ ಒಳಗೇ ಹಾದುಹೋಗಿತ್ತು, ನಮ್ಮಿಬ್ಬರ ಚಾಪೆಗಳ ನಡುವೆ.

ಊರು ಕಳೆದುಕೊಂಡದ್ದನ್ನು ಪುಸ್ತಕಗಳು ಹೇಳುತ್ತವೆ: ಹಡಿಲು ಬಿದ್ದ ಗದ್ದೆಗಳು, ವೃದ್ಧರೇ ತುಂಬಿದ ಮನೆಗಳು. ಆ ನಗರಕ್ಕೆ ಸಿಕ್ಕಿದ್ದೇನು? ಸೋವಿ ಬೆಲೆಗೆ ಇಡ್ಲಿ, ಚಹಾ. ಸೋವಿ ಬೆಲೆಗೇ ದುಡಿಯುವ ಕೈಗಳು. ಹಾಗೆಂದು ಅಲ್ಲಿಯವರೆಲ್ಲ ಸಂತೋಷದಿಂದಿದ್ದರು ಎಂದಲ್ಲ. 1966ರಲ್ಲಿ ಹುಟ್ಟಿದ ಶಿವಸೇನೆ ನೌಕರಿಗಳು ಮರಾಠಿಗರಿಗೇ ಸಿಗಬೇಕೆಂದು ಹೋರಾಡಿತು. ಮೊದಲ ವರ್ಷಗಳಲ್ಲಿ ಅದರ ಸಿಟ್ಟು ತಿರುಗಿದ್ದು ದಕ್ಷಿಣದಿಂದ ಹೋದವರ ಮೇಲೆ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳೂ ಇದ್ದವು. ಕಲ್ಲು ಹೊಡೆದದ್ದನ್ನು ಸರಿ ಎನ್ನುವುದಿಲ್ಲ. ಆದರೆ ಆ ಊರಿನ ಹುಡುಗನಿಗೆ ಕೆಲಸ ಸಿಗದಿದ್ದಾಗ ಮೊದಲು ಕಣ್ಣಿಗೆ ಬೀಳುವುದು ಪರವೂರಿನವನ ಅಂಗಡಿಯ ಬೋರ್ಡು, ಇದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಯಾಕೆಂದರೆ ಅದೇ ಮಾತನ್ನು ಈಗ ನಮ್ಮೂರಿನಲ್ಲಿ ಕೇಳುತ್ತಿದ್ದೇನೆ.

ಗಲ್ಫಿನ ಕಥೆ ಬೇರೆಯೇ ಬರೆಯಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿದಾಗ ನಮ್ಮ ಪಕ್ಕದ ಮನೆಯಾಕೆ ದಿನಕ್ಕೆ ಮೂರು ಹೊತ್ತು ರೇಡಿಯೋದ ಮುಂದೆ ಕೂರುತ್ತಿದ್ದರು. ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ಅಮ್ಮಾನಿನ ದಾರಿಯಾಗಿ ವಿಮಾನದಲ್ಲಿ ಕರೆತಂದರು. ಆಕೆಯ ಗಂಡನೂ ಬಂದರು, ಉಟ್ಟ ಬಟ್ಟೆಯಲ್ಲಿ. ಎರಡು ವರ್ಷದ ಮೇಲೆ ಪುನಃ ಅಲ್ಲಿಗೇ ಹೋದರು.

ಕೊಂಕಣ ರೈಲನ್ನು 1998ರಲ್ಲಿ ದೇಶಕ್ಕೆ ಅರ್ಪಿಸಿದರು. ಈಗ ರಾತ್ರಿ ಮಲಗಿದರೆ ಬೆಳಿಗ್ಗೆ ಬೊಂಬಾಯಿ ಹತ್ತಿರ. ಅಪ್ಪ ಊರಿಗೆ ಬಂದು ಆಗಲೇ ಎರಡು ವರ್ಷವಾಗಿತ್ತು. ರೈಲು ನೋಡಲು ಕರೆದುಕೊಂಡು ಹೋದೆವು. “ತಡವಾಯಿತು” ಎಂದರು, ಗಾಡಿಯ ಬಗ್ಗೆಯೋ ಏನೋ. ಮನೆಯಲ್ಲಿ ಅವರಿಗೆ ಉಪ್ಪಿನ ಡಬ್ಬ ಎಲ್ಲಿದೆ ಎಂದು ಗೊತ್ತಿರಲಿಲ್ಲ. ನಾಲ್ಕಕ್ಕೆ ಎದ್ದು ಎಲ್ಲರಿಗೂ ಚಹಾ ಮಾಡುತ್ತಿದ್ದರು, ಹೋಟೆಲಿನ ಹಾಗೆ ಅರ್ಧ ಗ್ಲಾಸು. ಅಮ್ಮನಿಗೆ ಅದೊಂದು ಕಿರಿಕಿರಿ. ಇಷ್ಟು ವರ್ಷ ಒಬ್ಬಳೇ ಆಳಿದ ಅಡುಗೆಮನೆ ತಾನೇ.

ಮೊನ್ನೆ ಮೊನ್ನೆಯವರೆಗೆ ಜನರನ್ನು ಕಳಿಸಿಕೊಡುತ್ತಿದ್ದ ಊರಿಗೆ ಈಗ ಜನ ಬರುತ್ತಿದ್ದಾರೆ. ಕೋರೆಗೆ, ಕಟ್ಟಡದ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯವರು. ಮಲ್ಪೆಯ ಬೋಟುಗಳಲ್ಲಿ ಒಡಿಶಾದ, ಜಾರ್ಖಂಡದ ಹುಡುಗರು. ‘ಘಟ್ಟದವರು ಬಂದು ಊರು ಹಾಳಾಯಿತು’ ಎನ್ನುವವರಲ್ಲಿ ಬೊಂಬಾಯಿಯ ಮನಿಯಾರ್ಡರಿನಲ್ಲಿ ಬೆಳೆದವರೇ ಹೆಚ್ಚು. ನಮ್ಮ ಟೀಚರುಗಳ ಕೋಣೆಯಲ್ಲೂ ಈ ಮಾತು ಬರುತ್ತದೆ: ಅವರ ಭಾಷೆ ತಿಳಿಯುವುದಿಲ್ಲ, ಹಬ್ಬಕ್ಕೆ ಹೋದವರು ತಿಂಗಳಾದರೂ ಬರುವುದಿಲ್ಲ. ನಿಜವೇ. ಆದರೆ ಊರಿನವರು ತಮ್ಮ ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿ ಇಂಗ್ಲಿಷ್ ಮೀಡಿಯಂಗೆ ಕಳಿಸಿದ ಮೇಲೆ ನಮ್ಮ ಎಂಟನೆಯ ತರಗತಿಯಲ್ಲಿ ಉಳಿದ ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ಘಟ್ಟದವರು. ಅವರಿಲ್ಲದಿದ್ದರೆ ನನಗೆ ಪಾಠ ಮಾಡಲು ಶಾಲೆಯೇ ಇರುತ್ತಿರಲಿಲ್ಲ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಆ ಹುಡುಗಿಯ ಜೊತೆ ಕೋರೆಯ ಹತ್ತಿರದ ಅವಳ ಶೆಡ್ಡಿಗೆ ಹೋದೆ. ತಗಡಿನ ಗೋಡೆ, ನೀಲಿ ಟಾರ್ಪಾಲು. ಅಕ್ಕ ಎನ್ನುವವಳು ಅವಳಿಗಿಂತ ಒಂದೂವರೆ ವರ್ಷ ದೊಡ್ಡವಳು ಅಷ್ಟೆ. ಎರಡು ವರ್ಷದ ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಊರಿನಲ್ಲಿ ಏಳು ಮುಗಿಸಿದ್ದಳಂತೆ. ತಾಯಿಗೆ ಹೇಳಿ ನೋಡಿದೆ. “ಕೂಸಿನ್ನ ಯಾರು ನೋಡ್ಬೇಕ್ರೀ ಟೀಚರ್? ಮೊದ್ಲ ಇವರಜ್ಜಿ ನೋಡ್ತಿದ್ಲು, ಅಕಿ ಊರಾಗ ಉಳಿದ್ಲು” ಎಂದಳು ಆಕೆ. ನನ್ನ ಹತ್ತಿರ ಉತ್ತರವಿರಲಿಲ್ಲ. ನಾಲ್ಕು ಅಂಕದ ಯಾವ ಅಂಶವೂ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ.

ಬರುವ ದಾರಿಯಲ್ಲಿ ಅಕ್ಕನ ಮನೆ, ಅಂದರೆ ನಮ್ಮ ತಾಯಿಮನೆ. ಅಕ್ಕ ಈಗ ಅಲ್ಲಿ ಒಬ್ಬಳೇ. ಮಗ ಬೊಂಬಾಯಿಯಲ್ಲಿದ್ದಾನೆ, ಹೋಟೆಲಿನಲ್ಲಲ್ಲ, ಕಂಪ್ಯೂಟರಿನ ಕೆಲಸ. ಕತ್ತು ನೋವಿನಿಂದ ಬೀಡಿ ಬಿಟ್ಟಿದ್ದಾಳೆ. ಎಲ್ಲ ಹೇಳಿದೆ. ಹುಡುಗಿ ಕೇಳಿದ ಪ್ರಶ್ನೆಯನ್ನೂ ಹೇಳಿದೆ. ಅಕ್ಕ ಅದಕ್ಕೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಆ ಮಗುವನ್ನು ಬೆಳಿಗ್ಗೆ ಇಲ್ಲಿ ಬಿಟ್ಟು ಹೋಗಲಿ. ನಾನು ಹೇಗೂ ಮನೆಯಲ್ಲೇ ಇರುವವಳು” ಎಂದಳು. ನಾವು ಮಾತಾಡುವುದು ತುಳುವಿನಲ್ಲಿ. ‘ಮನೆಯಲ್ಲೇ ಇರುವವಳು’ ಎಂದು ಅವಳು ಹೇಳಿದ ಧಾಟಿಯನ್ನು ಕನ್ನಡದಲ್ಲಿ ಬರೆಯಲು ನನಗೆ ಬರುವುದಿಲ್ಲ.

ಆಗಸ್ಟ್‌ನಿಂದ ಅಕ್ಕ-ತಂಗಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಹುಡುಗ ಅಕ್ಕನ ಜಗಲಿಯಲ್ಲಿ ತುಳು ಕಲಿತ. ದೊಡ್ಡ ಹುಡುಗಿ ಲೆಕ್ಕದಲ್ಲಿ ಚುರುಕು ಎಂದು ಗಣಿತದ ಮಾಸ್ತರರು ಹೇಳಿದಾಗ ನಾನು ಸಿಬ್ಬಂದಿ ಹಾಜರಿ ಪುಸ್ತಕ ಹುಡುಕುವ ನೆಪದಲ್ಲಿ ಆಚೆ ತಿರುಗಿದೆ. ವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಇಬ್ಬರೂ ನಾನು ಬೋರ್ಡಿನಲ್ಲಿ ಬರೆಸಿದ್ದನ್ನೇ ಒಂದು ಅಕ್ಷರ ಬಿಡದೆ ಬರೆದಿದ್ದರು. ನಾಲ್ಕಕ್ಕೆ ನಾಲ್ಕು ಕೊಟ್ಟೆ.

ಜೂನ್‌ನಲ್ಲಿ ಅವರ ಅಪ್ಪ ಬಂದು ಎರಡು ಟಿ.ಸಿ. ತೆಗೆದುಕೊಂಡು ಹೋದ. ಇಲ್ಲಿ ಕೋರೆಯ ಕೆಲಸ ನಿಂತಿದೆ, ಗೋವಾದಲ್ಲಿ ಸಿಕ್ಕಿದೆಯಂತೆ. “ಎರಡನ್ನೂ ಜೋಪಾನವಾಗಿ ಇಟ್ಟುಕೋ, ಎರಡನ್ನೂ” ಎಂದು ಎರಡು ಸಲ ಹೇಳಿದೆ. ಅಕ್ಕ ಆಮೇಲೆ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಅವರನ್ನು ನಾನೇ ಕಳಿಸಿಕೊಟ್ಟ ಹಾಗೆ.